ಸೇತುವೆಯ ಲೆಕ್ಕ, ಸುರಂಗದ ಲೆಕ್ಕ

ಕುಮಟೆಯಿಂದ ತೆಂಕು ದಿಕ್ಕಿಗೆ ಹೊರಟ ರೈಲುಗಾಡಿ ಹೊನ್ನಾವರದ ನಿಲ್ದಾಣವನ್ನು ಹಿಂದಿಕ್ಕಿದ ಕೂಡಲೆ ಗಾಡಿಯೊಳಗಿನ ಮಕ್ಕಳು ಕಿಟಕಿಗೆ ಮುಗಿಬೀಳುತ್ತಾರೆ. ಹಿರಿಯರೂ ಕೈಯಲ್ಲಿದ್ದ ಪತ್ರಿಕೆಯನ್ನು ಮಡಚಿಟ್ಟು ಹೊರಗೆ ನೋಡುತ್ತಾರೆ. ಕೆಳಗೆ ಶರಾವತಿ. ಜೋಗದಲ್ಲಿ ಧುಮುಕಿದ ರಭಸವನ್ನೆಲ್ಲ ಮರೆತು, ಕಡಲನ್ನು ಸೇರುವ ಮುನ್ನ ಮೈಚಾಚಿ ಮಲಗಿದಂತೆ ಹರಡಿಕೊಂಡ ಹೊಳೆ. ನಡುನಡುವೆ ತೆಂಗಿನ ತೋಟಗಳನ್ನು ಹೊತ್ತ ನಡುಗಡ್ಡೆಗಳು. ಈ ಸೀಮೆಯವರ ಮಾತಿನಲ್ಲಿ ಅವು ಕುರ್ವೆಗಳು. ಗಾಡಿ ಓಡುತ್ತಲೇ ಇರುತ್ತದೆ, ಸೇತುವೆ ಮುಗಿಯುವುದೇ ಇಲ್ಲ. ಅದರ ಉದ್ದ 2,065 ಮೀಟರಿಗೂ ಮಿಗಿಲು. ಕೊಂಕಣ ರೈಲುದಾರಿಯ ಸುಮಾರು ಎರಡು ಸಾವಿರ ಸೇತುವೆಗಳಲ್ಲಿ ಇದೇ ಎಲ್ಲಕ್ಕಿಂತ ಉದ್ದನೆಯದು.

ಇಂತಹ ಸೇತುವೆಯನ್ನು ನೋಡಿದವರ ಮನಸ್ಸಿನಲ್ಲಿ ಸಹಜವಾಗಿ ಒಂದು ಭಾವನೆ ಮೂಡುತ್ತದೆ: ರೈಲುದಾರಿ ಹಾಕಿದವರನ್ನು ಅತ್ಯಂತ ಹೆಚ್ಚು ಕಾಡಿದ ಕೆಲಸ ಇದೇ ಆಗಿದ್ದಿರಬೇಕು ಎಂದು. ಆದರೆ ನಡೆದ ಸಂಗತಿ ಬೇರೆ. ಇಡೀ ದಾರಿಯ ಉದ್ಘಾಟನೆಯನ್ನು ಕೊನೆಯವರೆಗೆ ತಡೆದು ನಿಲ್ಲಿಸಿದ್ದು ಎರಡು ಕಿಲೋಮೀಟರಿನ ಈ ಸೇತುವೆಯಲ್ಲ. ಗೋವೆಯ ಪೆರ್ನೆಮ್ ಎಂಬಲ್ಲಿನ, ಒಂದೂವರೆ ಕಿಲೋಮೀಟರನ್ನು ತುಸುವೇ ಮೀರಿದ ಒಂದು ಸುರಂಗ.

ಇದೇಕೆ ಹೀಗಾಯಿತು? ಈ ಪ್ರಶ್ನೆಗೆ ದೊರೆಯುವ ಉತ್ತರ ಬರಿಯ ರೈಲುದಾರಿಗೆ ಸಂಬಂಧಪಟ್ಟುದಲ್ಲ. ಇಂದು ಬೆಂಗಳೂರಿನ ಕಂಪ್ಯೂಟರ್ ಕಚೇರಿಗಳಲ್ಲಿ ದುಡಿಯುತ್ತಿರುವ ಕರಾವಳಿಯ ತರುಣ ತರುಣಿಯರಿಗೂ, ಅವರ ದಾರಿ ಕಾಯುವ ಊರಿನ ಮನೆಗಳಿಗೂ ಅದು ತಟ್ಟುವ ಉತ್ತರ.

ಐದು ವರ್ಷದ ಮಾತು

ಕೊಂಕಣ ರೈಲ್ವೆ ಕಾರ್ಪೊರೇಷನ್ ಸ್ಥಾಪನೆಯಾದದ್ದು 1990ರ ಜುಲೈ 19ರಂದು. ಅದರ ಮೊದಲ ಅಧ್ಯಕ್ಷರು ಇ. ಶ್ರೀಧರನ್. ಅದೇ ವರ್ಷದ ಸೆಪ್ಟೆಂಬರ್ 15ರಂದು ಮಹಾರಾಷ್ಟ್ರದ ರೋಹಾದಲ್ಲಿ ಶಂಕುಸ್ಥಾಪನೆ ನಡೆಯಿತು. ರೋಹಾದಿಂದ ಮಂಗಳೂರಿನವರೆಗೆ ಸುಮಾರು 760 ಕಿಲೋಮೀಟರು. ತೊಂಬತ್ತಕ್ಕೂ ಹೆಚ್ಚು ಸುರಂಗಗಳು. ಭೂಮಿ ಬಿಟ್ಟುಕೊಡಬೇಕಾದ ಒಡೆಯರು 42,000ಕ್ಕೂ ಹೆಚ್ಚು. ಇಷ್ಟೆಲ್ಲವನ್ನು ಐದು ವರ್ಷಗಳಲ್ಲಿ ಮುಗಿಸುವುದೆಂದು ಗೊತ್ತುಮಾಡಲಾಯಿತು. ದಾರಿಯನ್ನು ತಲಾ ನೂರು ಕಿಲೋಮೀಟರಿನ ಆಸುಪಾಸಿನ ಏಳು ಭಾಗಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬೊಬ್ಬ ಮುಖ್ಯ ಎಂಜಿನಿಯರರನ್ನು ನೇಮಿಸಿದರು. ಕಾರವಾರ ಮತ್ತು ಉಡುಪಿ ಆ ಏಳರಲ್ಲಿ ಎರಡು.

ಅವಧಿಯ ವಿಷಯದಲ್ಲಿ ಶ್ರೀಧರನ್ ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. 1964ರ ಡಿಸೆಂಬರಿನ ಚಂಡಮಾರುತ ರಾಮೇಶ್ವರದ ಪಾಂಬನ್ ಸೇತುವೆಯನ್ನು ಕೊಚ್ಚಿಹಾಕಿದಾಗ, ಅದರ ದುರಸ್ತಿಗೆ ರೈಲ್ವೆ ಇಲಾಖೆ ಆರು ತಿಂಗಳ ಗಡುವು ಹಾಕಿತ್ತು. ಮೇಲಧಿಕಾರಿಗಳು ಅದನ್ನು ಮೂರು ತಿಂಗಳಿಗೆ ಇಳಿಸಿದರು. ಆಗಿನ್ನೂ ತರುಣರಾಗಿದ್ದ ಶ್ರೀಧರನ್ ಆ ಕೆಲಸವನ್ನು 46 ದಿನಗಳಲ್ಲಿ ಮುಗಿಸಿಕೊಟ್ಟರು.

ಅದೇ ಮನುಷ್ಯ, ಅದೇ ಛಲ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಅನುಭವ. ಆದರೂ ಕೊಂಕಣದ ದಾರಿ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ರಂದು. ಐದು ವರ್ಷವೆಂದದ್ದು ಏಳು ವರ್ಷ ನಾಲ್ಕು ತಿಂಗಳಾಯಿತು.

ಸುರಂಗಗಳಲ್ಲಿ ಅತಿ ಉದ್ದವಾದದ್ದು ರತ್ನಾಗಿರಿಯ ಬಳಿಯ ಕರಬುಡೆ, ಆರೂವರೆ ಕಿಲೋಮೀಟರು. ಅಲ್ಲಿ ಎದುರಾದದ್ದು ಗಟ್ಟಿ ಬಂಡೆ. ಬಂಡೆಯನ್ನು ಕೊರೆಯುವುದಕ್ಕೆ ಸ್ವೀಡನ್ ದೇಶದಿಂದ ಯಂತ್ರಗಳು ಬಂದವು. ಬಂಡೆ ಎಷ್ಟೇ ಗಟ್ಟಿಯಾಗಿರಲಿ, ದಿನಕ್ಕೆ ಇಷ್ಟು ಮೀಟರು ಎಂಬ ಲೆಕ್ಕಕ್ಕೆ ಅದು ಬಗ್ಗುತ್ತದೆ. ಆದರೆ ಒಂಬತ್ತು ಸುರಂಗಗಳು ನೀರು ಕುಡಿದ ಜೇಡಿಮಣ್ಣಿನ ಮೂಲಕ ಹಾಯಬೇಕಾಗಿತ್ತು. ಅಲ್ಲಿ ಯಂತ್ರ ನಡೆಯದು. ಅಗೆದಷ್ಟೂ ಮಣ್ಣು ಒಳಕ್ಕೆ ಹರಿದುಬರುತ್ತಿತ್ತು. ನಿನ್ನೆ ಮುಂದುವರಿದ ಹತ್ತಡಿ ಇಂದು ಬೆಳಿಗ್ಗೆ ಕುಸಿದು ಮುಚ್ಚಿಹೋಗುತ್ತಿತ್ತು. ಕೈಗೆಲಸದಿಂದಲೇ ಅಂಗುಲ ಅಂಗುಲವಾಗಿ ಸಾಗಬೇಕಾಯಿತು. ಈ ಜೇಡಿಮಣ್ಣಿನ ಸುರಂಗಗಳು ನಾಲ್ಕು ವರ್ಷಗಳನ್ನೂ 19 ಮಂದಿಯ ಪ್ರಾಣಗಳನ್ನೂ ನುಂಗಿದವು. ದಾರಿಯುದ್ದಕ್ಕೂ ಪ್ರಾಣ ತೆತ್ತವರು ಒಟ್ಟು 74 ಮಂದಿ. ಪೆರ್ನೆಮ್ ಒಂದಕ್ಕೇ ಆರು ವರ್ಷ ಹಿಡಿಯಿತು.

ತೊಡಕು ಬೇರೆ, ಅನಿಶ್ಚಯ ಬೇರೆ

ಇಲ್ಲಿ ಗಮನಿಸಬೇಕಾದದ್ದು ಇಷ್ಟು. ಶರಾವತಿಯ ಸೇತುವೆ ತೊಡಕಿನ ಕೆಲಸ. ಅದಕ್ಕೆ ಎಷ್ಟೋ ಕಂಬಗಳು, ಕಂಬಕ್ಕೊಂದು ಅಡಿಪಾಯ, ಕಂಬದಿಂದ ಕಂಬಕ್ಕೆ ತೊಲೆಗಳು. ಜೊತೆಗೆ ಕಡಲಿನ ಭರತ ಇಳಿತ, ನಾಲ್ಕು ತಿಂಗಳ ಮಳೆಗಾಲ. ಆದರೆ ಈ ತೊಡಕನ್ನು ಬಿಡಿಸಬಹುದು. ಒಂದು ಕಂಬಕ್ಕೆ ಎಷ್ಟು ದಿನವೆಂದು ತಿಳಿದರೆ ಉಳಿದ ಕಂಬಗಳ ಲೆಕ್ಕ ಸಿಕ್ಕಿತು. ಬೇಗ ಬೇಕಾದರೆ ಇನ್ನೊಂದು ತಂಡವನ್ನು ಇಳಿಸಬಹುದು.

ಜೇಡಿಮಣ್ಣಿನ ಸುರಂಗದ್ದು ಅನಿಶ್ಚಯದ ಕೆಲಸ. ಅದರ ನಕ್ಷೆ ಸರಳ: ಈ ಕಡೆಯಿಂದ ಆ ಕಡೆಗೆ ಒಂದು ತೂತು. ಮಾಡಬೇಕಾದದ್ದೇನೆಂಬುದು ಮಗುವಿಗೂ ಅರ್ಥವಾಗುತ್ತದೆ. ಮುಂದಿನ ಹತ್ತಡಿಯಲ್ಲಿ ಏನಿದೆಯೆಂಬುದು ಮಾತ್ರ ಯಾರಿಗೂ ತಿಳಿಯದು. ಅಲ್ಲಿಗೆ ಇನ್ನೂ ನೂರು ಜನರನ್ನು ಕಳುಹಿಸಿದರೆ ಕೆಲಸ ಬೇಗ ಆಗುವುದಿಲ್ಲ. ಅಪಾಯಕ್ಕೆ ಸಿಕ್ಕುವವರ ಸಂಖ್ಯೆ ಹೆಚ್ಚಾಗುತ್ತದೆ, ಅಷ್ಟೆ.

ಕಡಲತಡಿಯ ಜನಕ್ಕೆ ಈ ಭೇದ ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಭಟ್ಕಳದ ಬಂದರಿನಲ್ಲಾಗಲಿ ಹೊನ್ನಾವರದ ಕಾಸರಕೋಡಿನಲ್ಲಾಗಲಿ ದೋಣಿಯ ಒಡೆಯನನ್ನು ಕೇಳಿದರೆ, ಬಲೆ ಹೆಣೆದು ಮುಗಿಯುವುದು ಯಾವಾಗ, ಡೀಸೆಲ್ಲಿಗೆ ಎಷ್ಟು, ಮಂಜುಗಡ್ಡೆಗೆ ಎಷ್ಟು, ಆಳುಗಳು ಎಷ್ಟು ಎಂಬುದನ್ನು ಬೆರಳ ತುದಿಯಲ್ಲಿ ಎಣಿಸುತ್ತಾನೆ. ಮೀನು ಎಷ್ಟು ಸಿಕ್ಕೀತು ಎಂದು ಕೇಳಿದರೆ ನಗುತ್ತಾನೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಒಂದೇ ಶಾಯಿಯಿಂದ ಅವನು ಬರೆಯುವುದಿಲ್ಲ.

ಆದರೆ ಕಚೇರಿಗಳಲ್ಲಿ ಹಾಗೆ ಬರೆಯುವ ರೂಢಿಯಿದೆ. ತೊಂದರೆ ಆರಂಭವಾಗುವುದು ಅಲ್ಲಿಯೇ.

ಕಂಪ್ಯೂಟರಿನ ಮುಂದೆ ಕುಳಿತವರ ಪಾಡು

ಕುಮಟೆಯ ಮನೆಯೊಂದರಲ್ಲಿ ಚೌತಿಗೆ ಇನ್ನು ಮೂರು ವಾರವಿದೆಯೆನ್ನೋಣ. ಬೆಂಗಳೂರಿನಲ್ಲಿರುವ ಮಗ ಬರುತ್ತಾನೋ ಇಲ್ಲವೋ ಎಂಬುದೇ ಮನೆಯವರ ಚಿಂತೆ. ಅವನ ಉತ್ತರ ಯಾವಾಗಲೂ ಒಂದೇ: ಹಿಡಿದ ಕೆಲಸ ಮುಗಿದರೆ ಬರುತ್ತೇನೆ. ಎಂದಿಗೆ ಮುಗಿಯುತ್ತದೆ? ಶುಕ್ರವಾರಕ್ಕೆ. ಆ ಶುಕ್ರವಾರ ಬರುತ್ತದೆ, ಹೋಗುತ್ತದೆ, ಕೆಲಸ ಮುಗಿದಿರುವುದಿಲ್ಲ. ಮಗ ಸುಳ್ಳು ಹೇಳಿದನೆಂದಲ್ಲ. ಕಚೇರಿಯಲ್ಲಿ ಅವನನ್ನು ಒಂದು ದಿನಾಂಕ ಕೇಳಿದರು. ಅವನೊಂದು ದಿನಾಂಕ ಕೊಟ್ಟ. ಆ ದಿನಾಂಕದೊಳಗೆ ಸೇತುವೆ ಎಷ್ಟು, ಸುರಂಗ ಎಷ್ಟು ಎಂದು ಯಾರೂ ಕೇಳಲಿಲ್ಲ.

ಸಾಫ್ಟ್‌ವೇರ್ ಎಂಬ ಪದಾರ್ಥ ಕಣ್ಣಿಗೆ ಕಾಣದು. ಅರ್ಧ ಎದ್ದ ಗೋಡೆಯನ್ನು ನೋಡಿ ಮನೆ ಅರ್ಧವಾಯಿತೆಂದು ಹೇಳಬಹುದು; ಅರ್ಧ ಬರೆದ ಪ್ರೋಗ್ರಾಮನ್ನು ನೋಡಿ ಹಾಗೆ ಹೇಳುವಂತಿಲ್ಲ. 1960ರ ದಶಕದಲ್ಲಿ ಅಮೆರಿಕದ ಐಬಿಎಂ ಸಂಸ್ಥೆಗಾಗಿ ಒಂದು ಭಾರಿ ಪ್ರೋಗ್ರಾಮಿನ ರಚನೆಯನ್ನು ನಡೆಸಿದ ಫ್ರೆಡ್ ಬ್ರೂಕ್ಸ್ ಎಂಬವರು, ಆ ಅನುಭವವನ್ನು 1975ರಲ್ಲಿ ಪುಸ್ತಕವಾಗಿ ಬರೆದರು. ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಹೊಸಬರಿಗೆ ಕಲಿಸುವುದರಲ್ಲಿಯೇ ಹಳಬರ ಹೊತ್ತು ಹೋಗುತ್ತದೆ. ಪರಸ್ಪರ ಕೇಳಿ ತಿಳಿಯಬೇಕಾದ ಮಾತುಗಳು ಹೆಚ್ಚುತ್ತವೆ.

ಜೊತೆಗೆ ಮನುಷ್ಯನ ಸ್ವಭಾವವೊಂದಿದೆ. 1979ರಲ್ಲಿ ಡೇನಿಯಲ್ ಕಾನಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಅದಕ್ಕೊಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ಯೋಜನೆಯ ಭ್ರಮೆ ಎನ್ನಬಹುದು. ತನ್ನ ಕೆಲಸವನ್ನು ಅಂದಾಜು ಮಾಡುವಾಗ ಪ್ರತಿಯೊಬ್ಬನೂ ಎಲ್ಲವೂ ಸುಸೂತ್ರವಾಗಿ ನಡೆಯುವ ಚಿತ್ರವನ್ನೇ ಕಣ್ಣಮುಂದೆ ತಂದುಕೊಳ್ಳುತ್ತಾನೆ. ಹಿಂದೆ ಇಂತಹವೇ ಕೆಲಸಗಳಿಗೆ ಎಷ್ಟು ಕಾಲ ಹಿಡಿದಿತ್ತೆಂಬುದನ್ನು ನೆನೆಯುವುದಿಲ್ಲ. ಸಿಡ್ನಿಯ ಒಪೆರಾ ಭವನಕ್ಕೆ 1957ರಲ್ಲಿ ಮಾಡಿದ ಅಂದಾಜು 70 ಲಕ್ಷ ಆಸ್ಟ್ರೇಲಿಯಾ ಡಾಲರು, ಮುಗಿಯಬೇಕಾದ ವರ್ಷ 1963. ಅದು ಮುಗಿದದ್ದು 1973ರಲ್ಲಿ, ಹತ್ತು ಕೋಟಿ ಇಪ್ಪತ್ತು ಲಕ್ಷ ಡಾಲರು ವೆಚ್ಚದಲ್ಲಿ. ಅದರ ಚಿಪ್ಪಿನಾಕಾರದ ಮಾಡುಗಳನ್ನು ಕಟ್ಟುವ ಬಗೆ ಹೇಗೆಂಬುದು ಕೆಲಸ ಆರಂಭವಾದಾಗ ಇನ್ನೂ ಇತ್ಯರ್ಥವಾಗಿರಲೇ ಇಲ್ಲ.

ಪಹಣಿಯ ಪಾಠ

ದೂರದ ಮಾತೇಕೆ? ಭಟ್ಕಳ, ಹೊನ್ನಾವರ, ಕುಮಟೆಗಳ ರೈತರೆಲ್ಲರೂ ಕಂಡ ಒಂದು ಕಂಪ್ಯೂಟರ್ ಯೋಜನೆಯಿದೆ: 'ಭೂಮಿ'. ಜಮೀನಿನ ಪಹಣಿಯನ್ನು ಇಂದು ಯಾರೂ ಕೈಬರಹದಲ್ಲಿ ಪಡೆಯುವುದಿಲ್ಲ. ರಾಜ್ಯದ 177 ತಾಲೂಕುಗಳಲ್ಲಿ, 67 ಲಕ್ಷ ರೈತರಿಗೆ ಸೇರಿದ ಸುಮಾರು ಎರಡು ಕೋಟಿ ದಾಖಲೆಗಳು 2002ರ ಹೊತ್ತಿಗೆ ಕಂಪ್ಯೂಟರನ್ನು ಸೇರಿದವು.

ಆದರೆ ಇದು ಮೊದಲ ಯತ್ನವಲ್ಲ. 1991ರಲ್ಲಿಯೇ ಗುಲ್ಬರ್ಗದಲ್ಲಿ ಪ್ರಯೋಗ ಆರಂಭವಾಗಿತ್ತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆತಿತ್ತು. ಅದು ಫಲಿಸಲಿಲ್ಲ. ಕಾರಣ ಬೆರಳಚ್ಚು ಮಾಡುವವರ ಕೊರತೆಯಲ್ಲ. ಕಂಪ್ಯೂಟರು ಇದ್ದದ್ದು ಜಿಲ್ಲಾ ಕೇಂದ್ರದಲ್ಲಿ. ಪಹಣಿ ದಿನದಿನವೂ ಬದಲಾಗುತ್ತಿದ್ದದ್ದು ತಾಲೂಕಿನಲ್ಲಿ. ತುಂಬಿದ ವಿವರ ಅಚ್ಚಾಗಿ ಬರುವ ಹೊತ್ತಿಗೆ ಹಳೆಯದಾಗಿರುತ್ತಿತ್ತು.

ಎರಡು ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ತುಂಬುವುದು ಸೇತುವೆಯಂತಹ ಕೆಲಸ. ಒಬ್ಬನು ದಿನಕ್ಕೆ ಎಷ್ಟು ತುಂಬಬಲ್ಲ, ಎಷ್ಟು ಜನ ಬೇಕು ಎಂದು ಭಾಗಿಸಿ ಗುಣಿಸಿದರೆ ತಿಳಿಯುತ್ತದೆ. ಸುರಂಗ ಇದ್ದದ್ದು ಬೇರೆಡೆ. ಒಂದು ಸರ್ವೆ ನಂಬರಿಗೆ ಹತ್ತು ಹಿಸ್ಸೆಗಳು; ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಉಳಿದ ಖಾತೆ; ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡ ತೋಟ; ಮಳೆಗಾಲದ ಥಂಡಿಗೆ ಅಕ್ಷರ ಅಳಿಸಿಹೋದ ಪುಟ. ಇಂತಹವು ಎಷ್ಟಿವೆಯೆಂಬುದು ಕಡತ ಬಿಚ್ಚಿದ ಮೇಲೆಯೇ ಗೊತ್ತಾಗಬೇಕು. 'ಭೂಮಿ' ಯೋಜನೆಯವರು ಕೆಲಸವನ್ನು ತಾಲೂಕಿಗೇ ಕೊಂಡೊಯ್ದರು. ಅಚ್ಚಾದ ಪ್ರತಿಗಳನ್ನು ಮೂಲದೊಡನೆ ತಾಳೆ ನೋಡುವ ಹೊಣೆಯನ್ನು ಗ್ರಾಮಲೆಕ್ಕಿಗರಿಗೇ ವಹಿಸಿದರು. ಕತ್ತಲೆಯ ಭಾಗವನ್ನು ಬಲ್ಲವರು ಯಾರೋ ಅವರ ಕೈಗೇ ದೀಪ ಕೊಟ್ಟಂತಾಯಿತು.

ಎಲೆ ಬಿಚ್ಚುವ ಆಟ

ಹಾಗಾದರೆ ಕಂಪ್ಯೂಟರ್ ಕಚೇರಿಯವರು ಅಂದಾಜು ಮಾಡುವ ಸರಿಯಾದ ಕ್ರಮವೇನು? ಕಳೆದ ಎರಡು ಮೂರು ದಶಕಗಳಲ್ಲಿ ಅವರು ಕಂಡುಕೊಂಡ ಒಂದು ಉಪಾಯ ನೋಡುವುದಕ್ಕೆ ಇಸ್ಪೀಟಿನ ಆಟದಂತಿದೆ. ಜೇಮ್ಸ್ ಗ್ರೆನಿಂಗ್ ಎಂಬವರು 2002ರಲ್ಲಿ ಬಳಕೆಗೆ ತಂದ ಇದರ ಹೆಸರು ಪ್ಲಾನಿಂಗ್ ಪೋಕರ್.

ಕುಮಟೆ ತಾಲೂಕಿನ ಒಂದು ವ್ಯವಸಾಯ ಸೇವಾ ಸಹಕಾರಿ ಸಂಘದ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ತರಬೇಕಾಗಿದೆಯೆಂದು ಭಾವಿಸೋಣ. ಭಾವನೆ ಮಾತ್ರವೇ ಅಲ್ಲ: ದೇಶದ 63,000 ಇಂತಹ ಸಂಘಗಳನ್ನು ಕಂಪ್ಯೂಟರಿಗೆ ಒಳಪಡಿಸುವ, 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನಿನಲ್ಲಿ ಒಪ್ಪಿಗೆಯಿತ್ತಿತು. ಕೆಲಸ ಮಾಡುವ ನಾಲ್ವರು ಮೇಜಿನ ಸುತ್ತ ಕೂರುತ್ತಾರೆ. ಪ್ರತಿಯೊಬ್ಬರ ಕೈಯಲ್ಲೂ ಅಂಕಿ ಬರೆದ ಎಲೆಗಳು: 1, 2, 3, 5, 8, 13, ಮುಂದೆ 20, 40, 100. ಒಂದು ಕೆಲಸವನ್ನು ಓದಿ ಹೇಳಲಾಗುತ್ತದೆ. ಪ್ರತಿಯೊಬ್ಬರೂ ಗುಟ್ಟಾಗಿ ಒಂದೊಂದು ಎಲೆಯನ್ನು ಆರಿಸಿ ಬೋರಲು ಇಡುತ್ತಾರೆ. ಆಮೇಲೆ ಎಲ್ಲರೂ ಒಮ್ಮೆಗೇ ಬಿಚ್ಚುತ್ತಾರೆ.

ಈ ಅಂಕಿಗಳು ದಿನಗಳಲ್ಲ. ಒಂದು ಕೆಲಸ ಇನ್ನೊಂದಕ್ಕಿಂತ ಎಷ್ಟು ಪಾಲು ದೊಡ್ಡದು, ಎಷ್ಟು ತೊಡಕಿನದು, ಅದರಲ್ಲಿ ತಿಳಿಯದ ಅಂಶ ಎಷ್ಟು ಎಂಬ ಮೂರನ್ನೂ ಕೂಡಿಸಿ ಹೇಳುವ ತೂಕದ ಕಲ್ಲುಗಳು. ಎಲೆಯಿಂದ ಎಲೆಗೆ ನಡುವಣ ಅಂತರ ಹಿಗ್ಗುತ್ತ ಹೋಗುವುದಕ್ಕೂ ಕಾರಣವಿದೆ. ಒಂದು ಸೇರಿಗೂ ಎರಡು ಸೇರಿಗೂ ಇರುವ ಭೇದ ಕೈಗೆ ಗೊತ್ತಾಗುತ್ತದೆ. ಇಪ್ಪತ್ತು ಸೇರಿಗೂ ಇಪ್ಪತ್ತೊಂದು ಸೇರಿಗೂ ಇರುವ ಭೇದ ಗೊತ್ತಾಗದು. ಗೊತ್ತಾಗದುದನ್ನು ಗೊತ್ತಿದೆಯೆಂದು ನಟಿಸುವ ಅವಕಾಶವನ್ನೇ ಎಲೆಗಳು ಕೊಡುವುದಿಲ್ಲ.

ಮೊದಲ ಆರು ಅಂಕಿಗಳನ್ನು ಜಗತ್ತು ಇಟಲಿಯ ಫಿಬೊನಾಚಿಯ ಹೆಸರಿನಿಂದ ಕರೆಯುತ್ತದೆ. ಅವನ ಗ್ರಂಥ 1202ರದು. ಆದರೆ ನಮ್ಮ ಛಂದಶ್ಶಾಸ್ತ್ರಕಾರರಿಗೆ ಇವು ಅದಕ್ಕೂ ಮೊದಲೇ ಗೊತ್ತಿದ್ದವು. ಲಘು ಗುರುಗಳನ್ನು ಜೋಡಿಸಿ ಮೂರು ಮಾತ್ರೆಯ ಗಣವನ್ನು ಮೂರು ಬಗೆಯಲ್ಲಿ, ನಾಲ್ಕು ಮಾತ್ರೆಯದನ್ನು ಐದು ಬಗೆಯಲ್ಲಿ, ಐದರದನ್ನು ಎಂಟು ಬಗೆಯಲ್ಲಿ, ಆರರದನ್ನು ಹದಿಮೂರು ಬಗೆಯಲ್ಲಿ ರಚಿಸಬಹುದೆಂದು ವಿರಹಾಂಕನೂ, ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರನೂ ವಿವರಿಸಿದ್ದರು. ಶಾಲೆಯಲ್ಲಿ ಪ್ರಸ್ತಾರ ಹಾಕಿ ಬೇಸತ್ತ ಹುಡುಗರೇ ಮುಂದೆ ಕಚೇರಿಯಲ್ಲಿ ಆ ಅಂಕಿಗಳ ಎಲೆ ಹಿಡಿದು ಕೂರುತ್ತಾರೆಂಬುದು ವಿನೋದದ ಸಂಗತಿ.

ಆಟಕ್ಕೆ ಮರಳೋಣ. ಸದಸ್ಯರಿಗೆ ರಸೀತಿ ಅಚ್ಚು ಮಾಡುವ ಕೆಲಸಕ್ಕೆ ನಾಲ್ವರೂ 2 ಎಂದರು, ವಾದವಿಲ್ಲ. ಬೆಳೆಸಾಲದ ಬಡ್ಡಿ ಲೆಕ್ಕ: ಗಡುವು, ರಿಯಾಯಿತಿ, ಸುಸ್ತಿ ಬಡ್ಡಿ ಎಂದು ನಿಯಮಗಳು ಹಲವು, ಆದರೆ ಎಲ್ಲವೂ ಬರವಣಿಗೆಯಲ್ಲಿವೆ. ಅದಕ್ಕೆ 8. ಮೂರನೆಯದು, ದಿನದ ವಹಿವಾಟನ್ನು ಸಂಜೆ ಬ್ಯಾಂಕಿಗೆ ಕಳುಹಿಸುವ ಕೆಲಸ. ಎಲೆ ಬಿಚ್ಚಿದಾಗ 3, 3, 5 ಮತ್ತು 13.

ಇಂತಹ ಕಡೆ ಸರಾಸರಿ ತೆಗೆದು ಮುಂದೆ ಹೋಗುವುದು ದಡ್ಡತನ. ಅತಿ ಕಡಿಮೆ ಹೇಳಿದವರೂ ಅತಿ ಹೆಚ್ಚು ಹೇಳಿದವರೂ ತಮ್ಮ ಕಾರಣವನ್ನು ಹೇಳಬೇಕೆಂಬುದು ಆಟದ ನಿಯಮ. ಹದಿಮೂರು ಇಟ್ಟಾಕೆ ತಂಡದಲ್ಲಿ ಎಲ್ಲರಿಗಿಂತ ಕಿರಿಯಳು, ಊರು ಘಟ್ಟದ ಬುಡ. ಆಕೆ ಹೇಳುತ್ತಾಳೆ: ಆಷಾಢದ ಮಳೆಯಲ್ಲಿ ಅಲ್ಲಿ ಎರಡು ದಿನ ವಿದ್ಯುತ್ತೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ, ಆ ಎರಡು ದಿನಗಳ ಲೆಕ್ಕ ಎಲ್ಲಿ ಉಳಿಯಬೇಕು, ಮತ್ತೆ ಕಳುಹಿಸುವಾಗ ಒಂದೇ ರಕಮು ಎರಡು ಸಲ ಜಮೆಯಾಗದಂತೆ ತಡೆಯುವುದು ಹೇಗೆ? ಉಳಿದ ಮೂವರಿಗೂ ಇದು ಹೊಳೆದಿರಲಿಲ್ಲ. ಹಿರಿಯರೇ ಮೊದಲು ಬಾಯಿಬಿಟ್ಟು ಮೂರು ಎಂದಿದ್ದರೆ ಆಕೆ ತನ್ನ ಮಾತನ್ನು ನುಂಗಿಕೊಳ್ಳುತ್ತಿದ್ದಳು. ಎಲೆಯನ್ನು ಬೋರಲು ಇಡುವುದೇತಕ್ಕೆಂಬುದು ಈಗ ತಿಳಿಯಿತು.

ಅಂಕಿಗಳು ದಿನಗಳಾಗುವುದು ಆಮೇಲೆ. ಮೊದಲ ಪಕ್ಷದಲ್ಲಿ ತಂಡ ಮುಗಿಸಿದ್ದು 18 ಅಂಕ, ಎರಡನೆಯದರಲ್ಲಿ 22, ಮೂರನೆಯದರಲ್ಲಿ 20. ಅಂದರೆ ಹದಿನೈದು ದಿನಕ್ಕೆ ಸರಾಸರಿ 20. ಉಳಿದದ್ದು 120 ಅಂಕವಾದರೆ ಇನ್ನು ಆರು ಪಕ್ಷ. ಈ ಲೆಕ್ಕ ಆಸೆಯಿಂದ ಹುಟ್ಟಿದ್ದಲ್ಲ, ನಡೆದುಬಂದ ದಾರಿಯಿಂದ ಹುಟ್ಟಿದ್ದು.

ಒಂದೇ ಐದು, ಎರಡು ಅರ್ಥ

ಇನ್ನೊಂದು ಕ್ರಮ ಇದಕ್ಕಿಂತ ಹಳೆಯದು. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಯ ಕಾರ್ಯಕ್ಕಾಗಿ ರೂಪಿಸಿದ 'ಪರ್ಟ್' ಎಂಬ ಪದ್ಧತಿಯಲ್ಲಿ ಪ್ರತಿ ಕೆಲಸಕ್ಕೂ ಒಂದಲ್ಲ, ಮೂರು ಅಂದಾಜು ಕೇಳುತ್ತಾರೆ: ಎಲ್ಲವೂ ನೆಟ್ಟಗೆ ನಡೆದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲವೂ ಕೆಟ್ಟರೆ ಎಷ್ಟು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನೂ ಕೂಡಿಸಿ, ಆರರಿಂದ ಭಾಗಿಸಬೇಕು.

ಒಂದು ಕೆಲಸಕ್ಕೆ 4, 5, 6 ದಿನ ಎಂದರೆನ್ನೋಣ. ಲೆಕ್ಕ ಹಾಕಿದರೆ ಉತ್ತರ 5. ಇನ್ನೊಂದಕ್ಕೆ 2, 4, 12 ಎಂದರು. ಎರಡಕ್ಕೆ ಹದಿನಾರು, ಹನ್ನೆರಡು ಕೂಡಿಸಿದರೆ 30. ಆರರಿಂದ ಭಾಗಿಸಿದರೆ ಇದೂ 5. ಕಾಗದದ ಮೇಲೆ ಎರಡೂ ಒಂದೇ. ಆದರೆ ಮೊದಲನೆಯದು ಕೆಟ್ಟರೂ ಒಂದು ದಿನ ತಡ. ಎರಡನೆಯದು ಕೆಟ್ಟರೆ ಒಂದು ವಾರ ತಡ. ಮೊದಲನೆಯದು ಸೇತುವೆಯ ಐದು, ಎರಡನೆಯದು ಸುರಂಗದ ಐದು. ಬರಿಯ 'ಐದು ದಿನ' ಎಂದು ಬರೆದುಕೊಂಡು ಹೋದ ಅಧಿಕಾರಿಗೆ ಈ ಭೇದ ಎಂದಿಗೂ ತಿಳಿಯಲಾರದು. ಆರನೆಯ ದಿನ ಅವನಿಗೆ ಕೋಪ ಬರುತ್ತದೆ. ಏಳನೆಯ ರಾತ್ರಿ ಕೆಲಸಗಾರನಿಗೆ ನಿದ್ದೆಯಿಲ್ಲ.

ಗುದ್ದಲಿಗೆ ಮುನ್ನ ದೀಪ

ತೊಡಕಿಗೆ ಮದ್ದು ಬಿಡಿಸುವುದು. ಅನಿಶ್ಚಯಕ್ಕೆ ಮದ್ದು ನೋಡುವುದು. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ.

ಬಾವಿ ತೋಡುವ ಮೊದಲು ನೆಲಕ್ಕೆ ಸಣ್ಣ ಕೊಳವೆಯನ್ನು ಇಳಿಸಿ ಒಳಗೆ ಕಲ್ಲೋ ಮಣ್ಣೋ ಎಂದು ಪರೀಕ್ಷಿಸುವಂತೆ, ಸಾಫ್ಟ್‌ವೇರಿನವರೂ ತಿಳಿಯದ ಕೆಲಸಕ್ಕೆ ಅಂದಾಜನ್ನೇ ಕೊಡದೆ, ಮೊದಲು ಎರಡು ಮೂರು ದಿನಗಳ ಒಂದು ಪರೀಕ್ಷೆಗೆ ಅನುಮತಿ ಕೇಳುತ್ತಾರೆ. ಆ ಅವಧಿಯಲ್ಲಿ ಕೆಲಸ ಮುಗಿಯಬೇಕೆಂದಿಲ್ಲ. ಏನು ತಿಳಿಯದೋ ಅದು ತಿಳಿದರೆ ಸಾಕು. ಸಂಘದ ಉದಾಹರಣೆಯಲ್ಲಿ, ಬ್ಯಾಂಕಿನ ಕಂಪ್ಯೂಟರು ಎರಡು ಸಲ ಬಂದ ಒಂದೇ ರಕಮನ್ನು ಗುರುತಿಸುತ್ತದೆಯೋ ಇಲ್ಲವೋ ಎಂದು ಮೂರು ದಿನ ನೋಡಿದರೆ, ಆ 13 ಎಂಬುದು 5ಕ್ಕೆ ಇಳಿಯಬಹುದು, 40ಕ್ಕೆ ಏರಲೂಬಹುದು. ಏರಿದರೂ ಲಾಭವೇ, ಮೊದಲ ವಾರದಲ್ಲಿ ತಿಳಿದ ಕೆಟ್ಟ ಸುದ್ದಿಗೆ ಪರಿಹಾರವುಂಟು, ಕೊನೆಯ ವಾರದಲ್ಲಿ ತಿಳಿದದ್ದಕ್ಕೆ ಇಲ್ಲ.

ಬ್ಯಾರಿ ಬೋಮ್ ಎಂಬ ಅಮೆರಿಕದ ತಜ್ಞರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಅಂಕಿಗಳಲ್ಲಿ ತೋರಿಸಿದರು. ಯೋಜನೆ ಕೇವಲ ಮಾತಿನಲ್ಲಿರುವಾಗ ಮಾಡಿದ ಅಂದಾಜು ನಾಲ್ಕು ಪಟ್ಟು ಹೆಚ್ಚಾಗಬಹುದು, ನಾಲ್ಕನೆಯ ಒಂದು ಪಾಲೂ ಆಗಬಹುದು. ಕೆಲಸ ಮುಂದುವರಿದು ವಿವರಗಳು ಗೊತ್ತಾದಂತೆ ಈ ಹರವು ಕಿರಿದಾಗುತ್ತ ಬರುತ್ತದೆ. ಆದುದರಿಂದ ಅಂದಾಜನ್ನು ಒಮ್ಮೆ ಮಾಡಿ ಕಟ್ಟುಹಾಕಿ ಗೋಡೆಗೆ ತೂಗುಹಾಕುವುದಲ್ಲ. ಹದಿನೈದು ದಿನಕ್ಕೊಮ್ಮೆ ಇಳಿಸಿ ತಿದ್ದಬೇಕು.

ಭಾಗವತರ ಜಾಣ್ಮೆ

ಆದರೂ ಗಿರಾಕಿ ಕೇಳುತ್ತಾನೆ: ಇದೆಲ್ಲ ಸರಿ, ನನಗೆ ದಿನಾಂಕ ಬೇಕು. ಅವನ ಮಾತೂ ನ್ಯಾಯವೇ. ಸಂಘದ ವರ್ಷಾಂತ್ಯದ ಲೆಕ್ಕ ಮಾರ್ಚ್ 31ನ್ನು ಮೀರಿ ಕಾಯುವುದಿಲ್ಲ.

ಇದಕ್ಕೆ ಉತ್ತರ ಹೊನ್ನಾವರದ ಸೀಮೆಯಲ್ಲಿ ಬಹುಕಾಲದಿಂದ ಇದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ ನೆಲವಿದು. ಇಡೀ ರಾತ್ರಿಯ ಯಕ್ಷಗಾನದಲ್ಲಿ ಪದ್ಯಗಳು ನಿಗದಿಯಾಗಿರುತ್ತವೆ. ಆದರೆ ಪದ್ಯಕ್ಕೆ ವೇಷಧಾರಿ ಹೇಳುವ ಅರ್ಥ ಆಗಲೇ ಹುಟ್ಟುವಂಥದು. ಇಬ್ಬರು ಸಮರ್ಥರು ಎದುರಾದರೆ ಹತ್ತು ನಿಮಿಷದ ಸಂವಾದ ಒಂದು ಗಂಟೆಗೆ ಬೆಳೆದೀತು. ಆದರೂ ಬೆಳಗಿನ ಜಾವಕ್ಕೆ ಮಂಗಳ ಹಾಡಲೇಬೇಕು, ಸೂರ್ಯ ಕಾಯುವುದಿಲ್ಲ. ಆಗ ಭಾಗವತರು ಏನು ಮಾಡುತ್ತಾರೆ? ಪ್ರಸಂಗದ ಪ್ರಾಣವಾದ ಪದ್ಯ ಯಾವುದು, ಬಿಟ್ಟರೂ ಕಥೆ ಕೆಡದ ಪದ್ಯ ಯಾವುದು ಎಂಬುದು ಅವರಿಗೆ ಗೊತ್ತು. ಸಂವಾದ ಬೆಳೆದಷ್ಟೂ ಎರಡನೆಯ ಬಗೆಯ ಪದ್ಯಗಳನ್ನು ಕೈಬಿಡುತ್ತ ಬರುತ್ತಾರೆ. ವಧೆಯ ಸನ್ನಿವೇಶವನ್ನು ಮಾತ್ರ ಬಿಡುವುದಿಲ್ಲ.

ಒಳ್ಳೆಯ ಕಂಪ್ಯೂಟರ್ ತಂಡ ಮಾಡುವುದೂ ಅದನ್ನೇ. ದಿನಾಂಕ ಅಲುಗದೆಂದಾದರೆ, ಅಂದು ಇರಲೇಬೇಕಾದದ್ದು ಯಾವುದು, ಆಮೇಲೆ ಬಂದರೂ ಆದೀತೆನ್ನುವುದು ಯಾವುದು ಎಂಬುದನ್ನು ಮೊದಲ ದಿನವೇ ಗಿರಾಕಿಯೊಡನೆ ಕುಳಿತು ಬರೆದುಕೊಳ್ಳುತ್ತದೆ. ಬಡ್ಡಿ ಲೆಕ್ಕ ಬೇಕೇಬೇಕು. ಬಣ್ಣದ ಚಿತ್ರಪಟ್ಟಿ ಮುಂದಿನ ತಿಂಗಳಿಗಿರಲಿ. ದಿನಾಂಕವೂ ಅಲುಗದು, ಪಟ್ಟಿಯೂ ಅಲುಗದು ಎಂದು ಹಟ ಹಿಡಿದರೆ ಅಲುಗುವುದು ಮೂರನೆಯದೊಂದು: ದುಡಿಯುವವರ ಆರೋಗ್ಯ, ಇಲ್ಲವೆ ಕೆಲಸದ ಗುಣ.

ಪೆರ್ನೆಮ್ಮಿನ ಸುರಂಗ ಇಂದಿಗೂ ತನ್ನ ಸ್ವಭಾವವನ್ನು ಬಿಟ್ಟಿಲ್ಲ. 2020ರ ಆಗಸ್ಟಿನ ಮಳೆಗೆ ಅದರ ಗೋಡೆಯ ಒಂದು ಭಾಗ ಕುಸಿಯಿತು. 2024ರ ಜುಲೈಯಲ್ಲಿ ಒಳಗೆ ನೀರು ನುಗ್ಗಿ ಗಾಡಿಗಳು ನಿಂತವು. ಮಳೆಗಾಲ ಬಂತೆಂದರೆ ಕೊಂಕಣ ರೈಲ್ವೆ ಗಾಡಿಗಳ ವೇಗವನ್ನು ತಗ್ಗಿಸಿ, ಬೇರೆಯೇ ಒಂದು ವೇಳಾಪಟ್ಟಿಯನ್ನು ಪ್ರಕಟಿಸುತ್ತದೆ. ಅದೇ ಹಳಿ, ಅದೇ ಗಾಡಿ. ಆದರೆ ಮಳೆಗಾಲದ ಅಂದಾಜು ಬೇರೆ. ಪ್ರಯಾಣಿಕರು ಅದಕ್ಕೆ ಸಿಟ್ಟಾಗುವುದಿಲ್ಲ. ಮೊದಲೇ ತಿಳಿಸಿದ ತಡವನ್ನು ತಾಳಿಕೊಳ್ಳುವುದು ಸುಲಭ.

ಕುಮಟೆಯ ಮನೆಗೂ ಇಷ್ಟೇ ಬೇಕಾದದ್ದು. ಶುಕ್ರವಾರ ಬರುತ್ತೇನೆಂಬ ಬಾಯಿತುಂಬ ಮಾತಿಗಿಂತ, ಕೆಲಸದಲ್ಲಿ ಎರಡು ಪಾಲು ತಿಳಿದದ್ದು, ಒಂದು ಪಾಲು ತಿಳಿಯದ್ದು, ಸೋಮವಾರದವರೆಗೆ ನೋಡಿ ಖಚಿತವಾಗಿ ಹೇಳುತ್ತೇನೆ ಎಂಬ ಮಾತು ಆ ತಾಯಿಗೆ ಹೆಚ್ಚು ನೆಮ್ಮದಿ ಕೊಟ್ಟೀತು. ಕಚೇರಿಯಲ್ಲಿಯೂ ಅದೇ ಮಾತನ್ನು ಅಂಜದೆ ಆಡಲು ಬಂದ ದಿನ, ಅವನು ಚೌತಿಗೆ ಟಿಕೆಟು ಕೊಳ್ಳಬಹುದು.